ಒಂದೇ ಬರಹ, ಹಲವು ಅಚ್ಚು

ಮಗು ತಂದೆಯನ್ನೇ ಹೋಲುತ್ತಿದ್ದರೆ ನಮ್ಮವರು ‘ಅಚ್ಚು ಅಪ್ಪನೇ’ ಎನ್ನುತ್ತಾರೆ. ಹೋಲಿಕೆಯನ್ನು ಹೇಳುವುದಕ್ಕೆ ಇದಕ್ಕಿಂತ ಬಲವಾದ ಮಾತು ನಮ್ಮಲ್ಲಿ ಇದ್ದಂತೆ ಕಾಣದು. ಬೆಲ್ಲದ ಅಚ್ಚು, ಸಂಕ್ರಾಂತಿಯ ಸಕ್ಕರೆ ಅಚ್ಚು, ನಾಣ್ಯದ ಅಚ್ಚು, ಎಲ್ಲಿ ಈ ಶಬ್ದ ಬಂದರೂ ಒಂದರಂತೆಯೇ ಇನ್ನೊಂದು ಎಂಬ ಭರವಸೆ ಅದರ ಹಿಂದೆಯೇ ಬರುತ್ತದೆ. ಪುಸ್ತಕದ ಮಾತಿಗೂ ಈ ಭರವಸೆಯೇ ಆಧಾರ. ಕೈಬರಹ ಕೈಗೊಂದು ಬಗೆ. ಆದರೆ ಮುದ್ರಿತ ಗ್ರಂಥದ ನೂರನೆಯ ಪುಟದ ಮೂರನೆಯ ಸಾಲು ಧಾರವಾಡದ ಪ್ರತಿಯಲ್ಲಿಯೂ ಅದೇ, ಕಾಸರಗೋಡಿನ ಪ್ರತಿಯಲ್ಲಿಯೂ ಅದೇ. ‘ಇಂಥ ಪುಟ ನೋಡಿ’ ಎಂದು ಅಡಿಟಿಪ್ಪಣಿ ಬರೆಯುವ ನಮ್ಮಂಥ ಅಧ್ಯಾಪಕರ ಬದುಕು ನಡೆದಿರುವುದೇ ಈ ನಂಬಿಕೆಯ ಮೇಲೆ.

ಈ ನಂಬಿಕೆಗೆ ಈಚೆಗೆ ಧಕ್ಕೆ ಬಂದಿದೆ. ಧಕ್ಕೆ ತಂದುದು ಮನೆಮನೆಗೂ ಬಂದು ಕುಳಿತಿರುವ ಪುಟ್ಟ ಅಚ್ಚುಯಂತ್ರ, ಎಂದರೆ ಕಂಪ್ಯೂಟರಿನ ಪ್ರಿಂಟರು.

ಜ್ಞಾನಭಾರತಿಯಲ್ಲಿ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕೆಂಗೇರಿಯ ತನ್ನ ಮನೆಯಲ್ಲಿ ಪ್ರಬಂಧವನ್ನು ತಾನೇ ಟೈಪು ಮಾಡಿ, ಮನೆಯ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು, ಅದನ್ನು ಮುಂದಿಟ್ಟುಕೊಂಡು ಪರಿವಿಡಿಯನ್ನೂ ಶಬ್ದಸೂಚಿಯನ್ನೂ ಸಿದ್ಧಪಡಿಸಿದಳು. ಪರೀಕ್ಷಕರಿಗೆ ಕಳುಹಿಸಬೇಕಾದ ಪ್ರತಿಗಳನ್ನು ಮಾತ್ರ ವಿಜಯನಗರದ ಒಂದು ಅಂಗಡಿಯಲ್ಲಿ ಮಾಡಿಸಿದಳು. ರಟ್ಟು ಹಾಕಿಸಿ ಮನೆಗೆ ತಂದು ನೋಡಿದರೆ, ಪರಿವಿಡಿಯ ಪ್ರಕಾರ 187ನೆಯ ಪುಟದಲ್ಲಿ ಆರಂಭವಾಗಬೇಕಿದ್ದ ಅಧ್ಯಾಯ 184ರಲ್ಲಿಯೇ ಕುಳಿತಿದೆ. ಶಬ್ದಸೂಚಿಯಂತೂ ಮೊದಲಿನಿಂದ ಕೊನೆಯವರೆಗೆ ಸುಳ್ಳು. ಅಂಗಡಿಯವರನ್ನು ಕೇಳಿದ್ದಕ್ಕೆ, ‘ನೀವು ಕೊಟ್ಟದ್ದನ್ನೇ ತೆಗೆದಿದ್ದೇವಮ್ಮ, ಒಂದಕ್ಷರ ಮುಟ್ಟಿಲ್ಲ’ ಎಂದರಂತೆ. ಅವರ ಮಾತು ನಿಜವೇ. ಒಂದಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ಗ್ರಂಥ ಬೇರೆಯಾಗಿತ್ತು.

ಹೀಗೇಕಾಗುತ್ತದೆ? ಪ್ರಿಂಟರು ಅಕ್ಷರವನ್ನು ಚುಕ್ಕೆಗಳಿಂದ ಬರೆಯುತ್ತದೆ, ನಮ್ಮ ಹೆಣ್ಣುಮಕ್ಕಳು ರಂಗೋಲಿಗೆ ಚುಕ್ಕಿ ಇಡುವಂತೆ. ಅಂಗುಲಕ್ಕೆ 300 ಚುಕ್ಕೆ ಇಡುವ ಯಂತ್ರವುಂಟು, 600 ಇಡುವ ಯಂತ್ರವುಂಟು. ಅರ್ಧ ಚುಕ್ಕೆ ಇಡುವ ಯಂತ್ರ ಮಾತ್ರ ಇಲ್ಲ. ಲೆಕ್ಕ ಸುಲಭವಾಗಲೆಂದು ಅಕ್ಷರಗಳೆಲ್ಲ ಒಂದೇ ಅಗಲವೆಂದೂ ಆ ಅಗಲ ಮೊದಲನೆಯ ಯಂತ್ರದಲ್ಲಿ 31.4 ಚುಕ್ಕೆಯೆಂದೂ ಇಟ್ಟುಕೊಳ್ಳೋಣ. ಅದು 31 ಎಂದು ಎಣಿಸಿಕೊಳ್ಳುತ್ತದೆ. ಎರಡನೆಯ ಯಂತ್ರದಲ್ಲಿ ಅದೇ ಅಕ್ಷರ 62.8 ಚುಕ್ಕೆ, ಅದು 63 ಎಂದು ಎಣಿಸಿಕೊಳ್ಳುತ್ತದೆ. ಸಾಲಿಗೆ ಐವತ್ತು ಅಕ್ಷರಗಳಿದ್ದರೆ ಮೊದಲ ಯಂತ್ರದ ಸಾಲು 131.2 ಮಿಲಿಮೀಟರು, ಎರಡನೆಯದರ ಸಾಲು 133.3. ವ್ಯತ್ಯಾಸ ಎರಡೇ ಮಿಲಿಮೀಟರು. ಆದರೆ ಸಾಲಿನ ತುದಿಯಲ್ಲಿ ಇಕ್ಕಟ್ಟಾಗಿ ಕುಳಿತಿದ್ದ ಒಂದು ಪದವನ್ನು ಕೆಳಗಿನ ಸಾಲಿಗೆ ನೂಕಲು ಅಷ್ಟು ಸಾಕು. ಪದ ಇಳಿದರೆ ಸಾಲು ಬೆಳೆಯುತ್ತದೆ, ಸಾಲು ಬೆಳೆದರೆ ಪುಟ ಜಾರುತ್ತದೆ. ನೂರೆಂಬತ್ತು ಪುಟ ಕಳೆಯುವ ಹೊತ್ತಿಗೆ ಮೂರು ಪುಟದ ಅಂತರ ಬೀಳುವುದರಲ್ಲಿ ಆಶ್ಚರ್ಯವೇನು?

ಬರಹವನ್ನು ಜೋಡಿಸುವ ತಂತ್ರಾಂಶಗಳು ಬಹುಕಾಲ ತಮ್ಮ ಜೊತೆಗಿರುವ ಪ್ರಿಂಟರಿನ ಅಳತೆಯನ್ನು ಕೇಳಿಕೊಂಡೇ ಸಾಲು ಮುರಿಯುತ್ತಿದ್ದವು. ಪ್ರಿಂಟರು ಬದಲಾದೊಡನೆ ಪುಟವೂ ಬದಲಾಗುತ್ತಿತ್ತು. ಈಗಿನ ತಂತ್ರಾಂಶಗಳು ಅಷ್ಟರಮಟ್ಟಿಗೆ ಪರಾಧೀನವಲ್ಲ. ಆದರೆ ಇನ್ನೊಂದು ಉಪದ್ರವ ಉಳಿದಿದೆ. ಮನೆಯ ಕಂಪ್ಯೂಟರಿನಲ್ಲಿರುವ ಫಾಂಟು, ಅಂದರೆ ಅಕ್ಷರರೂಪಗಳ ಕಟ್ಟು, ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದೆಹೋದರೆ ಅದು ನಮ್ಮನ್ನು ಕೇಳದೆಯೇ ತನ್ನಲ್ಲಿರುವ ಬೇರೊಂದನ್ನು ತೊಡಿಸಿ ಕಳುಹಿಸುತ್ತದೆ. ಮದುವೆಮನೆಯಲ್ಲಿ ಒಬ್ಬರ ಚಪ್ಪಲಿಯನ್ನು ಮತ್ತೊಬ್ಬರು ಮೆಟ್ಟಿಕೊಂಡು ಹೋದ ಹಾಗೆ. ನಡೆಯಬಹುದು, ಆದರೆ ಅಳತೆ ತಪ್ಪಿರುತ್ತದೆ.

ಇಂಥ ವ್ಯಥೆಯನ್ನು ಉಂಡು ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್. ಗಣಕಶಾಸ್ತ್ರದ ಮೇಲೆ ಅವರು ಬರೆದ ಮಹಾಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು 1977ರಲ್ಲಿ ಅವರ ಕೈಸೇರಿತು. ಹಳೆಯ ಲೋಹದ ಮೊಳೆಗಳ ಬದಲು ಹೊಸ ಛಾಯಾಕ್ಷರ ಯಂತ್ರದಲ್ಲಿ ಜೋಡಿಸಿದ ಆ ಪುಟಗಳನ್ನು ಕಂಡು ಅವರ ಮನಸ್ಸು ಕೆಟ್ಟಿತು. ನಾವಾದರೆ ಪ್ರಕಾಶಕರಿಗೆ ಒಂದು ಕಟುವಾದ ಕಾಗದ ಬರೆದು ಸುಮ್ಮನಾಗುತ್ತಿದ್ದೆವು. ಅವರು ಗ್ರಂಥರಚನೆಯನ್ನು ಬದಿಗಿಟ್ಟು ‘ಟೆಕ್’ ಎಂಬ ಅಕ್ಷರಜೋಡಣೆಯ ಪ್ರೋಗ್ರಾಮನ್ನು ಬರೆಯಲು ಕುಳಿತರು. ಆ ಕೆಲಸ ವರ್ಷಗಟ್ಟಲೆ ಹಿಡಿಯಿತು. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು ಎಂಬ ನಿರ್ಧಾರಗಳೆಲ್ಲ ಪ್ರಿಂಟರಿನ ಹೆಸರನ್ನೂ ಎತ್ತದೆ ಮೊದಲೇ ಆಗಿಬಿಡಬೇಕೆಂಬುದು ಆ ಪ್ರೋಗ್ರಾಮಿನ ಪದ್ಧತಿ. ಅದು ಸಿದ್ಧಪಡಿಸುವ ಕಡತದ ಹೆಸರೇ ‘ಯಂತ್ರನಿರಪೇಕ್ಷ’ ಎಂಬರ್ಥದ್ದು. ಅದಕ್ಕಾಗಿ ಅವರು ಆರಿಸಿಕೊಂಡ ಅಳತೆಯ ಏಕಮಾನವಾದರೂ ಎಷ್ಟು ಸಣ್ಣದು! ಮುದ್ರಣದವರ ಒಂದು ಪಾಯಿಂಟನ್ನು 65,536 ಪಾಲು ಮಾಡಿದರೆ ಬರುವ ಒಂದು ಪಾಲು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದದಲ್ಲಿ ಸುಮಾರು ನೂರರಲ್ಲೊಂದು ಭಾಗ. ಚುಕ್ಕೆಗೆ ಹೊಂದಿಸುವಾಗ ಯಾವ ಯಂತ್ರ ಎಷ್ಟೇ ಎಡವಿದರೂ ಅದು ಆ ಅಕ್ಷರದ ಮಟ್ಟಿಗೆ ಮಾತ್ರ, ಸಾಲು ಕದಲುವುದಿಲ್ಲ.

ಹಾಳೆಯ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ನಮ್ಮ ದೇಶದ ಎ4 ಹಾಳೆ 297 ಮಿಲಿಮೀಟರು ಉದ್ದ. ಅಮೆರಿಕದವರ ಲೆಟರ್ ಹಾಳೆ 279. ಅನೇಕ ತಂತ್ರಾಂಶಗಳು ಅಮೆರಿಕದಲ್ಲಿ ಹುಟ್ಟಿದವಾದ್ದರಿಂದ, ನಾವು ತಿದ್ದದಿದ್ದರೆ ಅಲ್ಲಿಯ ಹಾಳೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಹದಿನೆಂಟು ಮಿಲಿಮೀಟರಿನಲ್ಲಿ ನಾಲ್ಕು ಸಾಲು ಹೋಗುತ್ತದೆ. ಅಥವಾ ಪ್ರಿಂಟರು ‘ಹಾಳೆಗೆ ಹೊಂದಿಸುತ್ತೇನೆ’ ಎಂಬ ಉಪಕಾರಬುದ್ಧಿಯಿಂದ ಇಡೀ ಪುಟವನ್ನೇ ಕುಗ್ಗಿಸುತ್ತದೆ. ಪತ್ರಕ್ಕಾದರೆ ಇದರಿಂದ ನಷ್ಟವಿಲ್ಲ. ಮೊದಲೇ ಗೆರೆ ಹೊಡೆದು ಅಚ್ಚು ಮಾಡಿಟ್ಟ ಅಂಕಪಟ್ಟಿಯ ಮೇಲೆ ಹೆಸರು, ಅಂಕಗಳನ್ನು ಮಾತ್ರ ತುಂಬುವ ಕಡೆ ಇದು ಚೆಲ್ಲಾಟವಲ್ಲ. ಮೂರು ನಾಲ್ಕು ಮಿಲಿಮೀಟರು ಜಾರಿದರೆ ಗಣಿತದ ಅಂಕ ಸಂಸ್ಕೃತದ ಮನೆಯಲ್ಲಿ ಹೋಗಿ ಕೂಡುತ್ತದೆ. ಹುಡುಗ ಕಲಿತದ್ದು ಒಂದು, ಕಾಗದ ಸಾರುವುದು ಇನ್ನೊಂದು.

ಇದಕ್ಕೂ ಹಿಂದಿನ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳನ್ನು ಕಂಡವರು ರಾಜಾಜಿನಗರದ ಕೈಗಾರಿಕಾ ವಸಾಹತಿನ ಹಳೆಯ ಲೆಕ್ಕಗುಮಾಸ್ತರಲ್ಲಿ ಈಗಲೂ ಇದ್ದಾರೆ. ಆ ಯಂತ್ರಗಳ ಕರ್ಕಶ ಧ್ವನಿ ಇಂದಿಗೂ ಕೆಲವು ಉಗ್ರಾಣಗಳಲ್ಲಿ ಕೇಳುತ್ತದೆ. ಅವುಗಳ ಕಾಲದಲ್ಲಿ ಪ್ರೋಗ್ರಾಮು ಬರೆಯುವವರಿಗೆ ಪುಟವೆಂದರೆ 66 ಸಾಲು, ಸಾಲೆಂದರೆ 80 ಅಥವಾ 132 ಮನೆ. ಅಂಗುಲಕ್ಕೆ ಆರು ಸಾಲಿನಂತೆ ಹನ್ನೊಂದು ಅಂಗುಲದ ಹಾಳೆಗೆ 66 ಸರಿ. ಆದರೆ ನಮ್ಮ ಪೇಟೆಗಳಲ್ಲಿ ಬಹುವಾಗಿ ಮಾರುತ್ತಿದ್ದ ಮಡಿಕೆಯ ಹಾಳೆ ಹನ್ನೆರಡು ಅಂಗುಲದ್ದು, 72 ಸಾಲು ಹಿಡಿಯುವಂಥದು. ಎಣಿಕೆಯನ್ನೇ ನೆಚ್ಚಿದ ಪ್ರೋಗ್ರಾಮು ಪುಟಪುಟಕ್ಕೂ ಒಂದಂಗುಲ ಮೇಲಕ್ಕೆ ಸರಿದು, ಸಂಬಳದ ಪಟ್ಟಿಯ ಶಿರೋನಾಮೆಯನ್ನು ಹಾಳೆಯ ನಟ್ಟನಡುವೆ ತಂದು, ಹನ್ನೆರಡು ಪಟ್ಟಿಗಳಾದ ಮೇಲೆ ತಾನಾಗಿಯೇ ಮತ್ತೆ ನೆಟ್ಟಗಾಗುತ್ತಿತ್ತು. ಗುಮಾಸ್ತರು ಯಂತ್ರಕ್ಕೆ ಗ್ರಹಚಾರ ಹಿಡಿದಿದೆ ಎಂದುಕೊಂಡರೆ ಅವರನ್ನು ಅನ್ನುವಂತಿರಲಿಲ್ಲ. ಬಲ್ಲವರು ಸಾಲುಗಳನ್ನು ಎಣಿಸುತ್ತಿರಲಿಲ್ಲ. ‘ಈ ಪುಟ ಮುಗಿಯಿತು’ ಎಂಬ ಒಂದು ಸಂಕೇತವನ್ನು ಕಳುಹಿಸಿ, ಹಾಳೆಯ ಉದ್ದವನ್ನು ಯಂತ್ರದ ವಿವೇಚನೆಗೆ ಬಿಡುತ್ತಿದ್ದರು.

ಇಷ್ಟು ಹೊತ್ತೂ ಹೇಳಿದ್ದು ಎಲ್ಲ ಭಾಷೆಗಳಿಗೂ ಸಮಾನವಾದ ಕಷ್ಟ. ಕನ್ನಡಿಗರ ಪಾಲಿಗೆ ಬಂದ ಕಷ್ಟ ಬೇರೆಯೇ ಉಂಟು.

ಇಂಗ್ಲಿಷಿನ ಅಕ್ಷರಗಳನ್ನು ಕಾರ್ಖಾನೆಯವರು ಪ್ರಿಂಟರಿನ ಹೊಟ್ಟೆಯಲ್ಲಿಯೇ ತುಂಬಿ ಕಳುಹಿಸುತ್ತಿದ್ದರು. ‘65’ ಎಂಬ ಸಂಖ್ಯೆ ಬಂದರೆ ಯಂತ್ರ ತನಗೆ ತಿಳಿದಿರುವ ‘ಎ’ಯನ್ನು ಬರೆಯುತ್ತದೆ. ಕನ್ನಡದ ಅಕ್ಷರಗಳನ್ನು ಯಾರೂ ತುಂಬಿರಲಿಲ್ಲ. ತುಂಬುವುದಾದರೂ ಹೇಗೆ? ಒಂಬತ್ತು ಸೂಜಿಗಳ ಆ ಯಂತ್ರ ಒಂದು ಸಲ ಓಡಿದರೆ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಎತ್ತರಕ್ಕೆ ಬರೆಯುತ್ತದೆ. ಇಂಗ್ಲಿಷಿಗೆ ಅಷ್ಟು ಧಾರಾಳ. ‘ರಾಷ್ಟ್ರ’ ಎಂದು ಬರೆಯಬೇಕಾದರೆ ತಲೆಕಟ್ಟಿಗೆ ಮೇಲೆ ಸ್ಥಳ ಬೇಕು, ಎರಡು ಒತ್ತಕ್ಷರಗಳಿಗೆ ಕೆಳಗೆ ಸ್ಥಳ ಬೇಕು. ಆದ್ದರಿಂದ ಕನ್ನಡವನ್ನು ಅಕ್ಷರವಾಗಿ ಕಳುಹಿಸುವ ಬದಲು ಚಿತ್ರವಾಗಿ ಕಳುಹಿಸಿ, ಹಲವು ಸಲ ಓಡಿಸಿ ಬರೆಯಿಸಬೇಕಾಯಿತು.

ಮನೆಗಳ ಎಣಿಕೆಯೂ ನಮಗೆ ಹೊಂದಲಿಲ್ಲ. ‘ಕಮಲ’ ಎಂಬ ಹೆಸರು ಮೂರು ಅಕ್ಷರ, ಯಂತ್ರದ ಲೆಕ್ಕದಲ್ಲಿಯೂ ಮೂರು ಸಂಕೇತ. ‘ಕೃಷ್ಣಮೂರ್ತಿ’ ಎಂಬುದು ನಮಗೆ ನಾಲ್ಕಕ್ಷರ. ಯಂತ್ರಕ್ಕೆ ಹನ್ನೊಂದು ಸಂಕೇತ, ಏಕೆಂದರೆ ಸ್ವರಚಿಹ್ನೆ, ಹಲಂತದ ಗುರುತು, ವ್ಯಂಜನ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಹೆಸರಿಗೆ ಇಪ್ಪತ್ತು ಮನೆ ಎಂದು ಗೊತ್ತುಮಾಡಿದ ಪ್ರೋಗ್ರಾಮು ಕಮಲಮ್ಮನವರ ಮುಂದೆ ಹದಿನೇಳು ಖಾಲಿ ಮನೆ ಬಿಡುತ್ತದೆ, ಕೃಷ್ಣಮೂರ್ತಿಗಳ ಮುಂದೆ ಒಂಬತ್ತೇ ಬಿಡುತ್ತದೆ. ರೂಪಾಯಿಯ ಕಂಬಸಾಲು ಮಳೆಗಾಲದ ಬೇಲಿಯಂತೆ ವಾಲುತ್ತದೆ. ಸಹಕಾರ ಸಂಘದ ರಸೀದಿಗಳಲ್ಲಿಯೂ ಚೀಟಿ ನಿಧಿಯ ಪಟ್ಟಿಗಳಲ್ಲಿಯೂ ಇಂಥ ವಾಲಿದ ಕಂಬಗಳನ್ನು ನೋಡಿ ‘ಕನ್ನಡಕ್ಕೆ ಕಂಪ್ಯೂಟರು ಒಗ್ಗದು’ ಎಂದು ತೀರ್ಪು ಕೊಟ್ಟವರನ್ನು ನಾನು ಬಲ್ಲೆ. ಒಗ್ಗದಿದ್ದುದು ಎಣಿಸುವ ಕ್ರಮ. ಖಾಲಿ ಮನೆಗಳನ್ನು ಎಣಿಸದೆ, ‘ಎಡ ಅಂಚಿನಿಂದ ಇಷ್ಟು ಮಿಲಿಮೀಟರಿಗೆ ಮೊತ್ತ ಬರಲಿ’ ಎಂದು ಅಳತೆಯಲ್ಲಿ ಹೇಳಿದರೆ ಯಾವ ಹೆಸರಿನ ಮುಂದೆಯೂ ಕಂಬ ನೆಟ್ಟಗೆ ನಿಲ್ಲುತ್ತದೆ.

ಇನ್ನು ಫಾಂಟುಗಳ ಕಥೆ. ಕಂಪ್ಯೂಟರಿನಲ್ಲಿ ಪುಟಕಟ್ಟುವ ಕೆಲಸ ಬೆಂಗಳೂರಿನಲ್ಲಿ ಹಬ್ಬಿದಾಗ ಕನ್ನಡಕ್ಕೆಂದು ಸ್ಥಾನ ಅವುಗಳಲ್ಲಿರಲಿಲ್ಲ. ನಮ್ಮ ಜಾಣರು ಒಂದು ಉಪಾಯ ಹೂಡಿದರು: ಇಂಗ್ಲಿಷು ಮೊದಲಾದ ಯೂರೋಪಿನ ಅಕ್ಷರಗಳು ಕುಳಿತಿದ್ದ ಪೀಠಗಳ ಮೇಲೆಯೇ ಕನ್ನಡದ ತುಣುಕುಗಳನ್ನು ಕೂಡಿಸಿದರು. ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನು ಬಿಡಿಸಿ ನೋಡಿ. ಇಂಗ್ಲಿಷಿನ ದೊಡ್ಡ ‘ಪಿ’ಯ ಸ್ಥಳದಲ್ಲಿ ತಲೆಕಟ್ಟಿಲ್ಲದ ಕಕಾರ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಫ್ರೆಂಚರ ‘ಎ’ಯ ಸ್ಥಳದಲ್ಲಿ ತಲೆಕಟ್ಟು, ಪೌಂಡು ನಾಣ್ಯದ ಚಿಹ್ನೆಯ ಸ್ಥಳದಲ್ಲಿ ನಕಾರ, ಮತ್ತೆ ತಲೆಕಟ್ಟು, ಜರ್ಮನರ ಜೋಡಿ ಸಕಾರದ ಸ್ಥಳದಲ್ಲಿ ನಕಾರದ ಒತ್ತು, ಸಣ್ಣ ‘ಕ್ಯೂ’ವಿನ ಸ್ಥಳದಲ್ಲಿ ಡಕಾರ, ಕೊನೆಗೊಮ್ಮೆ ತಲೆಕಟ್ಟು. ಹೀಗೆ ಏಳು ತುಣುಕು. ಫಾಂಟು ಇರುವ ಕಂಪ್ಯೂಟರಿನಲ್ಲಿ ಇದು ಅಂದವಾದ ‘ಕನ್ನಡ’. ಇಲ್ಲದ ಕಡೆ ಪೌಂಡು, ಕ್ಯೂಗಳ ಒಂದು ವಿಚಿತ್ರ ಮಂತ್ರ. ಇಂಥ ಮಂತ್ರವನ್ನು ಕಾಗದದ ಮೇಲೆ ಕಂಡು ಬೆಚ್ಚದ ಗುಮಾಸ್ತರೂ ಮೇಷ್ಟರೂ ನಮ್ಮಲ್ಲಿ ವಿರಳ.

ಸಾಲದುದಕ್ಕೆ ಒಬ್ಬೊಬ್ಬರ ಪೀಠವ್ಯವಸ್ಥೆ ಒಂದೊಂದು ಬಗೆ. ಶ್ರೀಲಿಪಿಯ ಕಡತ ನುಡಿಗೆ ತಿಳಿಯದು, ಆಕೃತಿಯ ಕಡತ ಶ್ರೀಲಿಪಿಗೆ ತಿಳಿಯದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಸರ್ಕಾರ ಅಂಗೀಕರಿಸಿದ್ದರಿಂದ ಬೆರಳುಗಳಿಗೇನೋ ಒಂದು ದಾರಿ ಏರ್ಪಟ್ಟಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಿಂದಲೂ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ದಿಂದಲೂ ಸಾಮಾನ್ಯರ ಕೈಗೆ ಕನ್ನಡ ಟೈಪು ಬಂದಿತು, ಇದು ಸಣ್ಣ ಉಪಕಾರವಲ್ಲ. ಆದರೆ ಆ ವರ್ಷಗಳಲ್ಲಿ ಟೈಪಾದ ಕಾದಂಬರಿ, ಪಠ್ಯಪುಸ್ತಕ, ಸಂಭಾವನಾಗ್ರಂಥಗಳ ಕಡತಗಳು ಆಯಾ ಫಾಂಟಿನ ಸೆರೆಯಲ್ಲಿಯೇ ಉಳಿದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಯಾವ ಭಾಷೆಯೂ ಅಲ್ಲದ ಅಕ್ಷರರಾಶಿ.

1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಸ್ವಂತ ಮನೆ ದೊರೆತಿದೆ. ಅಲ್ಲಿ ‘ಕನ್ನಡ’ ಎಂಬುದು ಐದೇ ಸಂಕೇತ: ಕ, ನ, ಹಲಂತದ ಗುರುತು, ಮತ್ತೆ ನ, ಡ. ತಲೆಕಟ್ಟನ್ನೂ ಒತ್ತನ್ನೂ ಜೋಡಿಸುವ ಹೊಣೆ ಫಾಂಟಿನದು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ‘ತುಂಗಾ’ ಫಾಂಟು ಬಂದ ಮೇಲೆ ಇದು ಮನೆಗಳನ್ನು ಮುಟ್ಟಿತು. ಜೋಡಣೆಯಲ್ಲಿ ಎಡವುವ ಯಂತ್ರಗಳು ಈಗಲೂ ಇಲ್ಲದಿಲ್ಲ. ‘ಸೂರ್ಯ’ದಲ್ಲಿ ನಮಗೆ ಅರ್ಕಾವತ್ತು ಬೇಕು, ‘ರ‍್ಯಾಂಕ್’ ಎಂಬಲ್ಲಿ ಬೇಡ, ರಕಾರದ ಕೆಳಗೆ ಯಕಾರದ ಒತ್ತೇ ಬೇಕು. ಎರಡಕ್ಕೂ ಸಂಕೇತಗಳು ಒಂದೇ ಆದ್ದರಿಂದ, ಎರಡನೆಯದರಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಇಡಬೇಕು. ಆ ಅದೃಶ್ಯ ಗುರುತನ್ನು ಮನ್ನಿಸದ ತಂತ್ರಾಂಶದ ಕೈಯಲ್ಲಿ ಮೊದಲನೆಯ ಸ್ಥಾನ ಪಡೆದ ಜಾಣೆಯ ಹಿರಿಮೆ ಅರ್ಕಾವತ್ತಿನ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ.

ಎಲ್ಲ ಪ್ರಿಂಟರುಗಳಲ್ಲಿಯೂ ಒಂದೇ ರೂಪ ಬರಬೇಕಾದರೆ, ಪ್ರಿಂಟರಿಗಾಗಲಿ ಅಂಗಡಿಯ ಕಂಪ್ಯೂಟರಿಗಾಗಲಿ ಅಕ್ಷರರೂಪ ತಿಳಿದಿರುತ್ತದೆಂದು ನಂಬದೆ, ಬರಹದ ಜೊತೆಗೇ ಅದನ್ನು ಕಟ್ಟಿಕೊಡಬೇಕು. ಅಡೋಬಿ ಕಂಪನಿ 1993ರಲ್ಲಿ ತಂದ ಪಿಡಿಎಫ್ ಎಂಬ ಕಡತದ ಗುಣವೇ ಅದು. ದೂರದೂರಿಗೆ ಹೊರಟವರು ಬುತ್ತಿ ಕಟ್ಟಿಕೊಂಡಂತೆ ಫಾಂಟನ್ನೂ ತನ್ನೊಳಗೆ ಇಟ್ಟುಕೊಂಡು ಹೊರಡುತ್ತದೆ. ದೀರ್ಘಕಾಲ ಕಾಪಾಡಬೇಕಾದ ದಾಖಲೆಗಳಿಗೆಂದು 2005ರಲ್ಲಿ ಗೊತ್ತಾದ ಪಿಡಿಎಫ್-ಎ ಎಂಬ ಬಗೆಯಲ್ಲಂತೂ ಬುತ್ತಿ ಕಟ್ಟುವುದು ಕಡ್ಡಾಯ.

ಬಾಗಿಲಿಗೆ ಬಂದು ವಿದ್ಯುತ್ ಬಿಲ್ಲು ಕೊಡುವವರ ಕೈಯಲ್ಲಿಯೂ ಬಸ್ಸಿನ ನಿರ್ವಾಹಕರ ಕೈಯಲ್ಲಿಯೂ ಇರುವ ಪುಟ್ಟ ಯಂತ್ರಗಳನ್ನು ನೋಡಿದ್ದೀರಿ. ಶಾಯಿಯಿಲ್ಲದೆ ಬಿಸಿಯಿಂದಲೇ ಬರೆಯುವ ಜಾತಿಯವು. 58 ಮಿಲಿಮೀಟರಿನ ಸುರುಳಿಯಲ್ಲಿ ಬರೆಯಲು ಸಿಗುವ ಅಗಲ 48. ಮಿಲಿಮೀಟರಿಗೆ ಎಂಟರಂತೆ ಅಡ್ಡಕ್ಕೆ 384 ಚುಕ್ಕೆ. ಇಂಥ ಯಂತ್ರಗಳ ಹೊಟ್ಟೆಯಲ್ಲಿ ಕನ್ನಡ ಸಾಮಾನ್ಯವಾಗಿ ಇರುವುದಿಲ್ಲ. ಇಡೀ ಸಾಲನ್ನು ಚುಕ್ಕೆಗಳ ಚಿತ್ರವಾಗಿ ಬರೆದು ಕಳುಹಿಸುವುದೇ ಭದ್ರವಾದ ಮಾರ್ಗ. ಇದು ಹೊಸತೇನಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹದ ಪುಟವನ್ನು ಇಡಿಯಾಗಿ ಕಲ್ಲಿನ ಮೇಲಿಳಿಸಿ. ಮೊಳೆಗಳ ಹಂಗಿಲ್ಲ, ಬರೆದದ್ದು ಬರೆದಂತೆಯೇ ಎಲ್ಲ ಪ್ರತಿಗಳಲ್ಲಿಯೂ ಮೂಡುತ್ತದೆ. ಆದರೆ ಕಲ್ಲಿನ ಮೇಲಿನ ಪುಟ ಚಿತ್ರವೇ; ಅದರಿಂದ ಒಂದು ಪದವನ್ನು ಬಿಡಿಸಿ ಇನ್ನೊಂದು ಪುಟಕ್ಕೆ ಜೋಡಿಸಲಾಗದು.

ಪಿಡಿಎಫಿಗೂ ಇದೇ ಮಿತಿ ಒಂದಿಷ್ಟು ಅಂಟಿಕೊಂಡಿದೆ. ಹಳೆಯ ಫಾಂಟಿನ ಪಿಡಿಎಫ್ ಕಾಗದದ ಮೇಲೆ ಚೆಲುವಾಗಿಯೇ ಬರುತ್ತದೆ. ಅದರೊಳಗೆ ‘ಪಂಪ’ ಎಂದು ಹುಡುಕಿದರೆ ಪಂಪ ಸಿಗುವುದಿಲ್ಲ. ಯೂನಿಕೋಡಿನದರಲ್ಲಿಯೂ ನಕಲು ತೆಗೆದಾಗ ಒತ್ತುಗಳು ಹಿಂದುಮುಂದಾಗುವುದುಂಟು. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ಎರಡು ಕಡತ ಇಟ್ಟುಕೊಳ್ಳಿ, ಅಚ್ಚಿಗೆ ಪಿಡಿಎಫ್, ಮನೆಯಲ್ಲಿ ಯೂನಿಕೋಡಿನ ಮೂಲಬರಹ. ಕಾಗದ ಎಲ್ಲರ ಕೈಯಲ್ಲಿಯೂ ಒಂದೇ ಆಗಲು ಮೊದಲನೆಯದು ಬೇಕು. ಹತ್ತು ವರ್ಷದ ಮೇಲೆ ಬೇರೊಬ್ಬರು ಅದನ್ನು ಓದಿ, ಹುಡುಕಿ, ತಿದ್ದಿ ಮರುಮುದ್ರಣ ಮಾಡಲು ಎರಡನೆಯದು.

ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದುದು ಹೆಚ್ಚೇನಿಲ್ಲ. ಹಾಳೆ ಎ4 ಎಂದಿದೆಯೇ ನೋಡಿ. ಪಿಡಿಎಫಿನ ಗುಣವಿವರದಲ್ಲಿ ಫಾಂಟುಗಳ ಪಟ್ಟಿಯಿರುತ್ತದೆ. ಪ್ರತಿಯೊಂದರ ಮುಂದೆಯೂ ಅದು ಒಳಗೆ ಸೇರಿದೆಯೆಂಬ ಸೂಚನೆ ಇರಲಿ. ಅಚ್ಚು ತೆಗೆಯುವಾಗ ‘ಹಾಳೆಗೆ ಹೊಂದಿಸು’ ಎಂಬುದನ್ನು ತೆಗೆಸಿ ‘ನಿಜವಾದ ಅಳತೆ’ ಎಂಬುದನ್ನು ಆರಿಸಲು ಹೇಳಿ. ಒಂದು ಪುಟವನ್ನು ಮೊದಲು ತೆಗೆಸಿ, ಅಡಿಕೋಲಿನಿಂದ ಅಂಚನ್ನು ಅಳೆದು, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ಅಂಗಡಿಯವರು ‘ಏನು ಸಾರ್, ದರ್ಜಿ ಥರ ಅಳೀತೀರಿ’ ಎಂದಾರು, ಅನ್ನಲಿ.

ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷಕ್ಕೂ ಹಳೆಯದಾದ ಕಂಪ್ಯೂಟರೊಂದನ್ನು ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದಾರೆ. ತಾವು ಹಿಂದೆ ಪುಟಕಟ್ಟಿದ ಪುಸ್ತಕಗಳ ಕಡತಗಳು ಅಕ್ಷರ ಕೆಡದೆ ತೆರೆಯುವುದು ಅದರಲ್ಲಿ ಮಾತ್ರವಂತೆ. ಹಳೆಯ ಫಾಂಟುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಇವೆ. ಪರಿವರ್ತಿಸಿದ ಮೇಲೆ ಒಬ್ಬರು ಕುಳಿತು ಕರಡು ತಿದ್ದಬೇಕಷ್ಟೆ. ಮಾಲೀಕರಿಗೆ ಹೇಳಿದೆ. ‘ಯಂತ್ರ ನಡೀತಾ ಇದೆಯಲ್ಲ ಮೇಷ್ಟ್ರೇ, ಬೇಸಿಗೆ ರಜದಲ್ಲಿ ನಿಮ್ಮ ಹುಡುಗರನ್ನ ಇಬ್ಬರನ್ನ ಕಳಿಸಿ, ನೋಡೋಣ’ ಎಂದರು. ಇಬ್ಬರು ಒಪ್ಪಿದ್ದಾರೆ. ಮೊದಲು ಕೈಗೆತ್ತಿಕೊಳ್ಳುವುದು ಮರುಮುದ್ರಣ ಕಾಣದ ಕಥಾಸಂಕಲನಗಳನ್ನು.